ಎರಡು ತಲಿ ಹುಳ

"ಟೆಂಪೋ! ನಮ್ಮ ಅಬ್ಬಾನ ಟೆಂಪೋ ಎಷ್ಟ ಉದ್ದ ಐತಿ, ಅಷ್ಟ ಉದ್ದ ಹಾವು!"

ನಾಜಮೀನ್ ಎರಡೂ ಕೈ ಚಾಚಿದಳು. ಕೈ ಸಾಲಲಿಲ್ಲ. ಶಾಲೆಯ ಬೇವಿನ ಗಿಡದ ಬುಡದಿಂದ ನೀರಿನ ಟಾಕಿಯ ತನಕ ನಡೆದು ತೋರಿಸಿದಳು.

"ಅಳ್ನಾವರ ಸ್ಟೇಷನ್ ಬಾಜೂಕ, ಪಟ್ರಿ ಮ್ಯಾಲೆ ಅಡ್ಡ ಮಲಗಿತ್ತು. ಟ್ರೇನ್ ಬಂತು. ಡ್ರೈವರ್ ಹಾರ್ನ್ ಹೊಡದ, ಹೊಡದ. ಹಾವು ಏಳವಲ್ಲದು! ಕಡೀಕ ಗಾರ್ಡ್ ಇಳದ ಬಂದು ಹಸರ ಝೇಂಡಾ ತೋರಿಸಿದ. ಆಮ್ಯಾಲ ಮೆಲ್ಲಕ ಎದ್ದು ಹೋತು."

"ಹಾವು ಟಿಕೆಟ್ ತಗಿಸಿತ್ತೇನ?" ಎಂದ ಭೀಮಶಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಟ್ಟಿಗೆ ಕೂಗಿದರು, "ಬಂಡಲ್! ಬಂಡಲ್!"

ತಂಬೂರ ಊರಿನ ಹುಡುಗರು ಸುಳ್ಳಿಗೆ ಬಂಡಲ್ ಅನ್ನುತ್ತಾರೆ. ಉಳಿದವರು ಬಿಡುವುದು ಸಣ್ಣ ಬಂಡಲ್, ಚಡ್ಡಿ ಕಿಸೆಯಲ್ಲಿ ಹಿಡಿಸುವಂಥದ್ದು. ನಾಜಮೀನಳ ಬಂಡಲ್ ಹೇರಬೇಕೆಂದರೆ ಎರಡು ಟ್ರ್ಯಾಕ್ಟರ್ ಬೇಕಾಗುತ್ತಿದ್ದವು. ಒಂದು ದಾರಿಯಲ್ಲೇ ಪಂಕ್ಚರ್ ಆಗುತ್ತಿತ್ತು.

ಉಳಿದವರು ಕೂಗಿದರೆ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಆದರೆ ಸುವರ್ಣಾ ಕೂಡ ಕೂಗಿದಳು. ಹೋದ ವರ್ಷ ಇದೇ ಸುವರ್ಣಾ ಅವಳ ಕತೆ ಕೇಳಿ, "ಆಮ್ಯಾಲೆ? ಆಮ್ಯಾಲೇನಾತ?" ಎಂದು ಊಟದ ತಾಟನ್ನೇ ಮರೆಯುತ್ತಿದ್ದಳು. ಈಗ ರುಬಿಯಾಳ ಕೈ ಹಿಡಿದು ಹಗ್ಗ ಜಿಗಿಯಲು ಓಡಿದಳು. ರುಬಿಯಾ ಈಗ ಸುವರ್ಣಾಳ ಮಗ್ಗುಲಲ್ಲೇ ಕೂರುತ್ತಿದ್ದಳು. ಅದು ಮೊದಲು ನಾಜಮೀನಳ ಜಾಗ.

ಜಾಗ ಹೋಗಿದ್ದಕ್ಕೆ ಕಾರಣವಿತ್ತು. ನಾಜಮೀನಳ ಅಬ್ಬಾ ರಮಜಾನ್ ಗಾದಿ ಮಾಡುವವನು. ಹಳೆಯ ಅರಳೆಯನ್ನು ಮಷೀನಿಗೆ ಹಾಕಿ ಹಿಂಜಿ, ಹೊಸ ಗಾದಿ ಹೊಲಿದು ಕೊಡುತ್ತಿದ್ದ. ದೀಪಾವಳಿ ಮುಗಿದ ಮೇಲೆ ಮಷೀನನ್ನು ಟೆಂಪೋದಲ್ಲಿ ಹೇರಿಕೊಂಡು ಅಳ್ನಾವರದ ಕಡೆ ಊರೂರು ತಿರುಗುತ್ತಿದ್ದ. ಅಮ್ಮಿಯೂ ಜೊತೆಗೆ. ಈ ಸಲ ಅರ್ಧ ವರ್ಷ ಶಾಲೆ ಬಿಡಿಸಿ ನಾಜಮೀನಳನ್ನೂ ಕರೆದುಕೊಂಡು ಹೋಗಿದ್ದರು. ಜೂನಿನಲ್ಲಿ ಶಾಲೆ ಮತ್ತೆ ಶುರುವಾಯಿತೆಂದು ಅವಳೊಬ್ಬಳನ್ನೇ ಅಬ್ಬಾನ ತಾಯಿ, ದಾದಿ ಜೈನಬಿಯ ಹತ್ತಿರ ಬಿಟ್ಟು, "ಮಳಿ ಜೋರಾದ ಮ್ಯಾಲೆ ಬರತೀವಿ" ಎಂದು ಹೋದರು.

ಮಳೆ ಜೋರಾಗಲೇ ಇಲ್ಲ. ದಿನಾ ಸಂಜೆ ಒಂದಿಷ್ಟು ಹನಿ ಉದುರಿಸಿ ಹೋಗುತ್ತಿತ್ತು.

ಅಮ್ಮಿ ಸಂಜೆಗೊಮ್ಮೆ ಫೋನ್ ಮಾಡುತ್ತಿದ್ದಳು. ಹಿಂದೆ ಮಷೀನು ಘರ್ರೆನ್ನುತ್ತಿತ್ತು. ಅದಕ್ಕೇ ಇಬ್ಬರೂ ಒದರಿ ಮಾತಾಡಬೇಕು.

"ಇವತ್ತ ಯಾರ ಕೂಡ ಆಡಿದಿ ಬೇಟಾ?"

"ಎಲ್ಲಾರ ಕೂಡ! ಸುವರ್ಣಾ ಅಂತೂ ನನ್ನ ಕೈ ಬಿಡವಲ್ಲಳು!"

"ಹಂಗಾದ್ರ ಚಲೋ ಆತು!"

ಅದೂ ಬಂಡಲ್ಲೇ. ಅಳೆದು ತೋರಿಸಲು ಕೈ ಚಾಚಬೇಕಾಗಿರಲಿಲ್ಲ, ಅಷ್ಟೇ.

ಒಂದು ಸಂಜೆ ನಾಜಮೀನ್ ಹಿತ್ತಲಿಗೆ ಬಂದಳು. ಬಚ್ಚಲದ ಹಿಂದೆ ಕಲ್ಲಿನ ಗುಂಪೆ ಇತ್ತು. ಅದರ ಮಗ್ಗುಲಲ್ಲಿ, ಹಸಿ ಮಣ್ಣಿನ ಮೇಲೆ, ಕಂದು ಬಣ್ಣದ ದಪ್ಪ ಹಗ್ಗ ಬಿದ್ದಿತ್ತು. ಹಗ್ಗ ಒಂಚೂರು ಸರಿಯಿತು.

ಅವಳು ಒಂದೇ ಜಿಗಿತಕ್ಕೆ ಕಟ್ಟೆ ಹತ್ತಿದಳು. "ದಾದೀ! ಹಾವು!"

ಮೊಣಕಾಲು ನೋವಿನ ಜೈನಬಿ ಒಳಗೆ ಹೊರಸಿನ ಮೇಲೆ ಮಲಗಿದ್ದಳು. "ಏ, ಹೊತ್ತ ಮುಳಗೂ ಮುಂದ ಹಾವು ಅನಬ್ಯಾಡ. ಕರದಂಗ ಆಕ್ಕೈತಿ. ಹುಳ ಅನ್ನು."

"ಹುಳ ದಾದೀ! ದಪ್ಪ ಹುಳ!"

"ಅಲ್ಲೇ ನಿಂದ್ರು, ಹತ್ರ ಹೋಗಬ್ಯಾಡ. ಮೈ ಮ್ಯಾಲೆ ಸರಪಳಿ ಹಂಗ ಚುಕ್ಕಿ ಅದಾವೇನ?"

"ಇಲ್ಲ."

"ಕುಕ್ಕರ್ ಸೀಟಿ ಹೊಡದಂಗ ಬುಸ್ ಅಂತೈತೇನ?"

"ಇಲ್ಲ. ಗಪ್ಪ ಐತಿ."

"ಹಂಗಾದ್ರ ಕೊಳಕ ಮಂಡಲ ಅಲ್ಲ. ಹೆಡಿ ಎತ್ತೈತೇನ?"

"ಇಲ್ಲ ದಾದಿ."

"ನಾಗರಾನೂ ಅಲ್ಲ. ಬಾಲ ಎಂಥಾದ್ದು, ಸಣ್ಣಂದೋ ಉದ್ದಂದೋ?"

ನಾಜಮೀನ್ ಬಗ್ಗಿ ನೋಡಿದಳು. "ಬಾಲಾನ ಇಲ್ಲ ದಾದಿ! ಆ ಕಡೆನೂ ತಲಿ ಐತಿ!"

ಜೈನಬಿ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಳು. ಹುಬ್ಬಿಗೆ ಕೈ ಹಚ್ಚಿ ನೋಡಿದಳು. "ಎರಡು ತಲಿ ಹುಳ ಅದು. ವಿಷ ಇಲ್ಲ. ಇಲಿ ತಿನ್ನಾಕ ಬಂದೈತಿ, ಗ್ವಾಂಜೋಳದ ಕಾಳಿನ ಚೀಲ ಅದಾವಲ್ಲ. ಆರು ತಿಂಗಳ ಈ ತಲೀಲೆ ನಡೀತೈತಿ, ಆರು ತಿಂಗಳ ಆ ತಲೀಲೆ. ವಿಷ ಇರಲಿ ಬಿಡಲಿ, ನೀ ಮಾತ್ರ ಕಟ್ಟಿ ಇಳೀಬ್ಯಾಡ."

ಮರುದಿನ ಶಾಲೆಯಲ್ಲಿ ನಾಜಮೀನ್ ಕೈಯನ್ನೇ ಚಾಚಲಿಲ್ಲ. ಇದ್ದದ್ದು ಇದ್ದಂತೆ ಹೇಳಿದಳು. "ನಮ್ಮ ಹಿತ್ತಲದಾಗ ಎರಡು ತಲಿ ಹಾವು ಬಂದೈತಿ. ಖರೇ. ಆರು ತಿಂಗಳ ಈ ತಲಿ, ಆರು ತಿಂಗಳ ಆ ತಲಿ."

ಭೀಮಶಿ ಅವಳನ್ನೇ ನೋಡಿದ. ಅವನ ಮುಖದಲ್ಲಿ ನಗು ಮೊದಲು ಬಂತು, ಮಾತು ಆಮೇಲೆ. "ಅದು ನೀನ ಅಲ್ಲೇನು? ಆರು ತಿಂಗಳ ತಂಬೂರ, ಆರು ತಿಂಗಳ ಅಳ್ನಾವರ. ಎರಡು ತಲಿ ಹಾವು!"

ಇಡೀ ಕ್ಲಾಸು ನಕ್ಕಿತು. ನಾಜಮೀನ್ ಸುವರ್ಣಾಳ ಕಡೆ ನೋಡಿದಳು. ಸುವರ್ಣಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಆದರೆ ಭುಜ ಕುಣಿಯುತ್ತಿತ್ತು.

ಅಂದಿನಿಂದ ಅವಳಿಗೆ ಅದೇ ಹೆಸರು. ಅವಳು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಳು. ಬೆಂಚು ಬಹಳ ಉದ್ದವಿತ್ತು. ಪಾಟಿಚೀಲ ಒಂದು ತುದಿಗೆ ಇಟ್ಟರೆ, ಅದನ್ನು ತರಲು ಬಸ್ ಹತ್ತಿ ಹೋಗಬೇಕು ಅನಿಸುವಷ್ಟು.

ಆಡಲು ಯಾರೂ ಇಲ್ಲದಿದ್ದರೆ ಸಂಜೆ ಬೇಗ ಮುಗಿಯುವುದಿಲ್ಲ. ನಾಜಮೀನ್ ದಿನಾ ಕಟ್ಟೆಯ ಮೇಲೆ ಕೂತು ಹುಳವನ್ನೇ ನೋಡತೊಡಗಿದಳು. ಕೆಲವು ದಿನ ಅದು ಬರುತ್ತಲೇ ಇರಲಿಲ್ಲ. ಕಲ್ಲುಗಳನ್ನೇ ನೋಡಿ ಎದ್ದು ಹೋಗುತ್ತಿದ್ದಳು. ಬಂದ ದಿನ ಅವಳಿಗೆ ಒಂದೇ ಯೋಚನೆ, ಈಗ ಯಾವ ತಲಿಯ ಪಾಳಿ?

ನೋಡುತ್ತ ನೋಡುತ್ತ ಒಂದು ವಿಷಯ ತಿಳಿಯಿತು. ನಾಲಗೆ ಹೊರಗೆ ಬರುವುದು ಒಂದೇ ಕಡೆಯಿಂದ. ಕಣ್ಣೂ ಅದೇ ಕಡೆ, ಸಾಸಿವೆ ಕಾಳಿನಷ್ಟು. ಇನ್ನೊಂದು ಕಡೆ ಕಣ್ಣಿಲ್ಲ, ಬಾಯಿಲ್ಲ. ಸುಮ್ಮನೆ ಮೊಂಡಾಗಿ, ಸವೆದ ಪೆನ್ಸಿಲ್ ಹಾಗೆ. ಅದರ ಮೇಲೆ ಹಳೆಯ ಗಾಯದ ಗುರುತುಗಳು.

ಆ ಗಾಯ ಯಾಕೆ ಎಂಬುದನ್ನು ಬಾಜು ಮನೆಯ ಸಾವಕ್ಕನ ಕೋಳಿ ತೋರಿಸಿಕೊಟ್ಟಿತು. ಒಂದು ಸಂಜೆ ಅದು ಕೆದರುತ್ತ ಕಲ್ಲಿನ ಗುಂಪೆಗೆ ಬಂತು. ಹುಳ ಹೆದರಿತು. ಮೈಯನ್ನೆಲ್ಲ ಸುತ್ತಿಕೊಂಡು ಕಣ್ಣಿದ್ದ ತಲೆಯನ್ನು ಕೆಳಗೆ ಅಡಗಿಸಿತು. ಮೊಂಡ ಬಾಲವನ್ನು ಮೇಲೆತ್ತಿ, ಇದೇ ನನ್ನ ತಲೆ ಎಂಬಂತೆ ಆಡಿಸಿತು. ಕೋಳಿ ಬಾಲವನ್ನೇ ಕುಕ್ಕಿತು. ಹುಳ ಸುಮ್ಮನೆ ಕುಕ್ಕಿಸಿಕೊಂಡಿತು.

"ಹುಶ್! ಹುಶ್!" ಕಟ್ಟೆಯ ಮೇಲಿಂದಲೇ ನಾಜಮೀನ್ ಕೋಳಿಯನ್ನು ಓಡಿಸಿದಳು.

ಇದನ್ನು ಯಾರಿಗಾದರೂ ಹೇಳಬೇಕು ಅನಿಸಿತು. ಯಾರಿಗೆ ಹೇಳುವುದು? ದಾದಿ ಆಗಲೇ ಗೊರಕೆ ಹೊಡೆಯುತ್ತಿದ್ದಳು. ಆ ಗೊರಕೆಗೆ ಆಚೆ ಊರು ದುಮ್ಮವಾಡದ ಎಮ್ಮೆಗಳು ಕಿವಿ ನಿಗುರಿಸುತ್ತಿದ್ದವಂತೆ.

ಆದರೆ ಮರುದಿನ ಸಂಜೆ ನಾಜಮೀನ್ ಕರೆಯದೆಯೇ ಜನ ಬಂದರು. ಬೇಲಿಯ ಆಚೆ ಚೆಂಡು ಹುಡುಕಲು ಬಂದ ಭೀಮಶಿ ಹುಳವನ್ನು ಕಂಡುಬಿಟ್ಟ. ಚೆಂಡು ಅಲ್ಲೇ ಬಿಟ್ಟು ಓಡಿದ. ಸ್ವಲ್ಪ ಹೊತ್ತಿಗೆ ಹಿತ್ತಲ ತುಂಬ ಹುಡುಗರು. ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ. ಎಲ್ಲರೂ ನಾಜಮೀನಳನ್ನೇ ಕೇಳುವವರು. "ಯಾವಾಗ ಬರತೈತಿ? ಏನ ತಿಂತೈತಿ? ಎರಡೂ ತಲೀಲೆ ತಿಂತೈತೇನ?"

ಸುವರ್ಣಾ ಬಂದು ಅವಳ ಮಗ್ಗುಲಲ್ಲೇ ಕೂತಳು. ಹೆಗಲ ಮೇಲೆ ಕೈ ಹಾಕಿದಳು. "ನಾ ಅವತ್ತ ನಗಬಾರದಿತ್ತಲೇ ನಾಜಮೀನ್. ನಿನ್ನ ಹಾವು ಖರೇನ ಐತಿ."

ಅವಳ ಕೈ ಬೆಚ್ಚಗಿತ್ತು. ನಾಜಮೀನ್ ಅಲುಗಾಡದೆ ಕೂತಳು. ಅಲುಗಿದರೆ ಕೈ ಜಾರಿ ಬೀಳಬಹುದು.

"ಸರೀರಿ, ಸರೀರಿ!" ಭೀಮಶಿ ಕೂಗಿದ. "ನಮ್ಮ ಹನಮಂತಪ್ಪ ಕಾಕಾ ಚೀಲ ತಗೊಂಡ ಬಂದಾನ. ಎರಡು ತಲಿ ಹಾವು ಮನ್ಯಾಗ ಇಟಗೊಂಡ್ರ ನಸೀಬ ತೆರೀತೈತಂತ!"

ಹನಮಂತಪ್ಪ ಗೊಬ್ಬರದ ಖಾಲಿ ಚೀಲ, ಉದ್ದನೆಯ ಕೋಲು ಹಿಡಿದು ಬೇಲಿ ದಾಟಿದ. ಅಷ್ಟು ಜನರ ಗದ್ದಲಕ್ಕೆ ಹುಳ ಆಗಲೇ ಸುತ್ತಿಕೊಂಡಿತ್ತು. ಬಾಲ ಮೇಲೆ ಆಡುತ್ತಿತ್ತು.

"ಲೇ, ಒಂದ ಕಾಣತೈತಿ. ಇನ್ನೊಂದ ತಲಿ ಎಲ್ಲಿ?" ಎಂದ ಹನಮಂತಪ್ಪ.

"ಈಕೀನ ಕೇಳ ಕಾಕಾ, ದಿನಾ ನೋಡತಾಳ," ಎಂದ ಭೀಮಶಿ.

ಎಲ್ಲರೂ ನಾಜಮೀನಳ ಕಡೆ ತಿರುಗಿದರು. ಇಷ್ಟು ಜನ ಒಟ್ಟಿಗೆ ಅವಳ ಮಾತಿಗೆ ಕಾದದ್ದು ಎಂದೂ ಇಲ್ಲ. ಎರಡು ತಲಿ ಅಂದರೆ ಮುಗಿಯಿತು. ನಾಳೆ ಶಾಲೆಯಲ್ಲಿ ಅವಳದೇ ಮಾತು. ಸುವರ್ಣಾಳ ಕೈ ಅಲ್ಲೇ ಇರುತ್ತದೆ. ಹುಳ ಮಾತ್ರ ಚೀಲದಲ್ಲಿ.

ನಾಜಮೀನ್ ಬಾಲದ ಕಡೆ ಬೆರಳು ತೋರಿಸಿದಳು.

"ಎರಡು ತಲಿ ಇಲ್ಲರಿ ಕಾಕಾ. ಒಂದ. ಮ್ಯಾಲೆ ಕಾಣೂದು ಬಾಲ."

"ಏನು?"

"ಮೊಂಡ ಬಾಲ ಐತ್ರಿ. ಕಣ್ಣಿಲ್ಲ, ನಾಲಿಗಿಲ್ಲ. ನೋಡ್ರಿ ಬೇಕಾದ್ರ. ಅಂಜಿದಾಗ ಖರೇ ತಲಿ ಕೆಳಗ ಮುಚ್ಚಿಟಗೊಂಡು ಬಾಲ ತೋರಸತೈತಿ. ಬರೇ ಇಲಿ ತಿನ್ನೂ ಹುಳ ಅದು."

ಹನಮಂತಪ್ಪ ದೂರದಿಂದಲೇ ಕತ್ತು ಚಾಚಿ ನೋಡಿದ. ಬಾಲ ಆಡಿತು. ನಾಲಗೆ ಬರಲಿಲ್ಲ. ಕಾದ. ಬರಲೇ ಇಲ್ಲ.

ಒಳಗಿನಿಂದ ಜೈನಬಿಯ ದನಿ ಬಂತು. "ಹನಮಂತಾ, ಆ ಹುಳ ಚೀಲದಾಗ ಹಾಕು, ಫಾರೆಸ್ಟಿನವರು ನಿನ್ನ ಜೀಪಿನ್ಯಾಗ ಹಾಕತಾರ!"

"ಒಂದ ತಲಿದು ತಗೊಂಡ ನಾ ಏನ ಮಾಡ್ಲಿ ಬಿಡಬೇ," ಎಂದು ಹನಮಂತಪ್ಪ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಬೇಲಿ ದಾಟುವಾಗ ಧೋತರ ಮುಳ್ಳಿಗೆ ಸಿಕ್ಕಿತು. ಯಾರೂ ನಗಲಿಲ್ಲ.

ಹುಡುಗರಿಗೆ ಸಿಟ್ಟು ಬಂದಿತ್ತು. "ಅವತ್ತ ಎರಡು ಅಂದಿ, ಇವತ್ತ ಒಂದ ಅಂತಿ," ಎಂದ ಭೀಮಶಿ. "ಬಂಡಲ್!"

"ಬಂಡಲ್! ಬಂಡಲ್!"

ಕೂಗುತ್ತ ಎಲ್ಲರೂ ಹೋದರು. ಹೆಗಲ ಮೇಲಿನ ಕೈ ಯಾವಾಗ ಇಳಿಯಿತೋ ನಾಜಮೀನಳಿಗೆ ತಿಳಿಯಲಿಲ್ಲ.

ಸುವರ್ಣಾ ಬೇಲಿಯ ತನಕ ಹೋಗಿ ತಿರುಗಿ ನೋಡಿದಳು. "ಖರೇನ ಒಂದ ತಲಿ?"

"ಖರೇನ."

"ಮತ್ತ ಟ್ರೇನ್ ನಿಲ್ಲಿಸಿದ ಹಾವು?"

ನಾಜಮೀನ್ ಕಾಲ್ಬೆರಳಿನಿಂದ ಕಟ್ಟೆಯ ಮಣ್ಣು ಕೆರೆದಳು. "ಅದು... ಬಂಡಲ್."

"ಹೂಂ," ಎಂದಳು ಸುವರ್ಣಾ. ನಾಳೆ ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ಹೊರಟುಹೋದಳು.

ಹಿತ್ತಲು ಮೊದಲಿನ ಹಾಗೆ ಖಾಲಿಯಾಯಿತು. ಹುಳದ ಬಾಲ ಇನ್ನೂ ಮೇಲೇ ಇತ್ತು. ನಾಜಮೀನ್ ಸದ್ದು ಮಾಡದೆ ಕಾದಳು. ಬಹಳ ಹೊತ್ತಿನ ಮೇಲೆ, ಎಲ್ಲರೂ ಹೋದರೋ ಇಲ್ಲವೋ ಎಂಬಂತೆ, ಸುರುಳಿಯ ಕೆಳಗಿನಿಂದ ಖರೇ ತಲೆ ಮೆಲ್ಲಗೆ ಹೊರಬಂತು. ಸಾಸಿವೆಯಂಥ ಕಣ್ಣು. ನಾಲಗೆ ಒಮ್ಮೆ ಹೊರಬಂದು ಒಳಗೆ ಹೋಯಿತು. ಆಮೇಲೆ ಕಲ್ಲಿನ ಸಂದಿಗೆ ಸರಿದುಹೋಯಿತು.

ಒಳಗೆ ಫೋನ್ ಹೊಡೆದುಕೊಂಡಿತು. ನಾಜಮೀನ್ ಎತ್ತಿಕೊಂಡು ಮತ್ತೆ ಕಟ್ಟೆಗೇ ಬಂದಳು. ಆ ಕಡೆ ಮಷೀನು ಘರ್ರೆನ್ನುತ್ತಿತ್ತು.

"ಇವತ್ತ ಯಾರ ಕೂಡ ಆಡಿದಿ ಬೇಟಾ?"

'ಎಲ್ಲಾರ ಕೂಡ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನಾಜಮೀನ್ ಕಲ್ಲಿನ ಸಂದಿಯನ್ನು ನೋಡಿದಳು.

"ಯಾರ ಕೂಡಾನೂ ಇಲ್ಲ ಅಮ್ಮಿ."

"ಏನಂದಿ? ಕೇಳವಲ್ಲದು!"

"ಯಾರೂ ನನ್ನ ಆಟಕ್ಕ ಕರಿಯೂದಿಲ್ಲ. ಸುವರ್ಣಾನ ಬಾಜೂಕ ರುಬಿಯಾ ಕುಂದರತಾಳ. ನಾ ಹಿಂದಿನ ಬೆಂಚಿಗೆ ಒಬ್ಬಾಕೀನ. ಮೊದಲಿಂದಾನೂ."

ಆ ಕಡೆ ಅಮ್ಮಿ ಏನೋ ಅಂದದ್ದು ಕೇಳಿಸಿತು, ಅವಳಿಗಲ್ಲ, ಅಬ್ಬಾನಿಗೆ. ಮಷೀನು ಘರ್ ಘರ್ ಎಂದು ಸಣ್ಣದಾಗಿ, ನಿಂತಿತು. ಫೋನಿನಲ್ಲಿ ಅಷ್ಟು ಸುಮ್ಮನಿರುವುದನ್ನು ನಾಜಮೀನ್ ಎಂದೂ ಕೇಳಿರಲಿಲ್ಲ.

"ಹೇಳ ಬೇಟಾ," ಅಂದಳು ಅಮ್ಮಿ. "ಈಗ ಕೇಳತೈತಿ."

ಹನಿ ಉದುರತೊಡಗಿತ್ತು. ನಾಜಮೀನ್ ಗೋಡೆಗೆ ಒರಗಿ ಕೂತು ಹೇಳತೊಡಗಿದಳು. ಒದರಬೇಕಾಗಿರಲಿಲ್ಲ. ಕೈ ಚಾಚಬೇಕಾಗಿಯೂ ಇರಲಿಲ್ಲ.