ಗೂಳಿ ಸುತ್ತು ಹಾಕಿದ ಜಾಗ

“ಓಡೋ!” ಅಂತ ಅಕ್ಕ ದಡದಿಂದ ಕೂಗಿದಳು.

ಓಡುವುದು ಹೇಗೆ ಸ್ವಾಮಿ? ಮೊಣಕಾಲವರೆಗೆ ಕೆಸರು. ಕೈಯಲ್ಲಿ ಸ್ಯಾಂಪಲ್ ತೆಗೆಯುವ ಪ್ಲಾಸ್ಟಿಕ್ ಕೊಳವೆ. ಹಿಂದೆ ಗೂಳಿ!

ಗೂಳಿ ಅಂದರೆ ದನವಲ್ಲ. ಕಬ್ಬಿಣದ ಸಾಮಾನಿಗೆ ಕ್ರೋಮಿಯಂ ಲೇಪ ಹಾಕುವ ಪಕ್ಕದ ಪ್ಲೇಟಿಂಗ್ ಕಾರ್ಖಾನೆಯ ಕಾವಲಿನವನು. ಕುತ್ತಿಗೆ ಅನ್ನುವುದೇ ಇಲ್ಲ. ಕೈಯಲ್ಲಿ ಕಬ್ಬಿಣದ ರಾಡು...

ಜನರ ತಾಪತ್ರಯ ಬಗೆಹರಿಸುವುದು ನನ್ನ ಕಸುಬು. ಈ ಸಲದ ತಾಪತ್ರಯ ಸ್ವಂತ ಅಕ್ಕನದು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅವಳದು ದೋಣಿ ರಿಪೇರಿ ಶೆಡ್ಡು. ಅಲ್ಲಿನ ಕೆಸರಲ್ಲಿ ಸೀಸ, ತಾಮ್ರ, ಕ್ರೋಮಿಯಂ ಸಿಕ್ಕಿತ್ತು. ಎಲ್ಲ ಅಕ್ಕ ದೋಣಿಗಳಿಂದ ಕೆರೆದು ಹಾಕಿದ ಹಳೇ ಬಣ್ಣದ್ದೇ ಅಂತ ಕಾರ್ಖಾನೆ ದೂರು ಕೊಟ್ಟಿತು. ಬಣ್ಣದ ಪುಡಿ ಅವಳೂ ನೀರಿಗೆ ಬಿಟ್ಟಿದ್ದಳು, ಸುಳ್ಳಲ್ಲ. ಈಗ ಟಾರ್ಪಾಲು ಹಾಸಿ ಕೆರೆಯುತ್ತಾಳೆ. ಆದರೆ ಅವಳ ಬಣ್ಣದಲ್ಲಿ ಕ್ರೋಮಿಯಂ ಇಲ್ಲವೇ ಇಲ್ಲ!

ಹಾಗಾದರೆ ಅದು ಎಲ್ಲಿಂದ ಬರುತ್ತದೆ, ಇವತ್ತೇ ತೋರಿಸಿ, ಇಲ್ಲದಿದ್ದರೆ ಶೆಡ್ಡಿಗೆ ಬೀಗ ಅಂದರು ಮಾಲಿನ್ಯ ಇಲಾಖೆಯ ಮೇಡಂ. ಬೀಗ ಹಿಡಿದುಕೊಂಡೇ ಬಂದು ಶೆಡ್ಡಿನೊಳಗೆ ಕೂತಿದ್ದರು.

ಕಾರ್ಖಾನೆಯ ಪೈಪಿನಿಂದ ಬರುತ್ತಿದ್ದದ್ದು ತಿಳಿನೀರು. ಇನ್ನೊಂದು ಕಳ್ಳ ಪೈಪು ಇರಲೇಬೇಕು. ಬೆಳಗಿನಿಂದ ಹುಡುಕಿ ಸುಸ್ತಾಗಿದ್ದೆ.

ಗೂಳಿ ನೆಟ್ಟಗೆ ನುಗ್ಗಿ ಬಂದ. ಇನ್ನೇನು ಹಿಡಿದೇಬಿಟ್ಟ...

ಇದ್ದಕ್ಕಿದ್ದಂತೆ ಅಡ್ಡ ತಿರುಗಿದ! ಮುಂದೆ ಸಪಾಟು ಕೆಸರು. ಕಲ್ಲಿಲ್ಲ, ಹೊಂಡವಿಲ್ಲ. ಆದರೂ ಬಾವಿ ಕಂಡವನಂತೆ ದೊಡ್ಡ ಸುತ್ತು ಹಾಕಿಕೊಂಡು ಬಂದ.

ನನಗೆ ಥಟ್ಟನೆ ಹೊಳೆಯಿತು.

ಅವನ ತೋಳಡಿ ನುಸುಳಿದೆ. ರಾಡು ಕಿವಿಯ ಪಕ್ಕದಲ್ಲೇ ಸುಯ್ಯೆಂದಿತು. ನೇರ ಆ ಜಾಗಕ್ಕೇ ಹೋಗಿ ನಿಂತೆ.

ಗೂಳಿ ಬ್ರೇಕ್ ಹಾಕಿದ.

“ಬಾರಯ್ಯ, ಹೊಡಿ.”

“ನೀನೇ ಈಚೆ ಬಾ.”

“ಯಾಕೆ, ಕಾಲು ನೋವಾ?”

“ಲೇ, ಅಲ್ಲಿ ನಿಂತ್ರೆ ಕಾಲು ಸುಟ್ಟುಹೋಗುತ್ತೆ ಕಣೋ. ಕೆಳಗೆ ನಮ್ಮ ಆಸಿಡ್ ಪೈಪ್ ಇದೆ.”

ಪಾಪ, ಒಳ್ಳೆಯವನು! ಹೊಡೆಯಲು ಬಂದವನಿಗೆ ನನ್ನ ಕಾಲಿನ ಚಿಂತೆ. ಅಕ್ಕನ ಕೂಗು ಕೇಳಿ ಹೊರಗೆ ಬಂದಿದ್ದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಅವರನ್ನು ಕಂಡದ್ದೇ ತಡ, ಗೂಳಿಯ ಕೈಯಿಂದ ರಾಡು ಕೆಸರಿಗೆ ಬಿತ್ತು.

ಕಾಲು ಉರಿಯುತ್ತಿತ್ತು, ನಿಜ. ಆದರೂ ಕೊಳವೆ ಒತ್ತಿ ಎತ್ತಿದೆ. ಒಳಗೆ ಹಸಿರು ಬಣ್ಣದ ಕೆಸರು. ನನಗೆ ಕುಣಿಯುವಷ್ಟು ಖುಷಿ!

ಅಕ್ಕ ಬಕೆಟ್ಟುಗಟ್ಟಲೆ ನೀರು ಸುರಿದು ಕಾಲು ತೊಳೆದಳು. ಗೂಳಿಗಿರೋ ಬುದ್ಧಿ ನಿನಗಿಲ್ಲವಲ್ಲೋ ಅಂತ ಬೈದಳು. ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಲ್ಯಾಬ್ ವರದಿ ಬಂತು. ಕೊಳವೆಯ ತುಂಬ ಕ್ರೋಮಿಯಂ!

ಮೇಡಂ ತಂದ ಬೀಗ ದಂಡವಾಗಲಿಲ್ಲ. ಕಾರ್ಖಾನೆಯ ಗೇಟಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.