ಒಂದು ಚಮಚ ಸಿಹಿಗುಂಬಳ

“ನಿಮ್ಮ ಮಾತು ಕೇಳಿ ನಮ್ಮ ಗುಂಡ ಸಾಯೋ ಹಾಗಾಗಿದಾನೆ, ಡಾಕ್ಟ್ರೇ!”

ಪಶುವೈದ್ಯ ತಲೆಯೆತ್ತಿದ. ಬಾಗಿಲಲ್ಲಿ, ಕೊರಳಿಗೆ ಅಳತೆಯ ಟೇಪು ಜೋತುಬಿಟ್ಟುಕೊಂಡ ಯುವತಿ. ಅವಳ ತೋಳುಗಳಲ್ಲಿ ಸೋತು ಒರಗಿದ ಮುದಿನಾಯಿ. ಅವಳ ಕಣ್ಣುಗಳಲ್ಲಿ ಬೆಂಕಿ... ಆ ಬೆಂಕಿಯ ಅಂಚಿನಲ್ಲಿ ನೀರು.

“ಮಲಬದ್ಧತೆ ಅಂತ ಅಪ್ಪ ಕರ್ಕೊಂಡು ಬಂದ್ರೆ, ನಾರಿನಂಶ ಹೆಚ್ಚಿಸಿ, ಊಟಕ್ಕೆ ದಿನಾ ಒಂದು ಚಮಚ ಬೇಯಿಸಿದ ಸಿಹಿಗುಂಬಳ ಬೆರೆಸಿ ಅಂದ್ರಂತೆ. ಬೆರೆಸಿದೆ. ಮೂರು ದಿನದಿಂದ ಭೇದಿ!”

“ಒಂದೇ ಚಮಚ ತಾನೇ?”

“ನಾನು ಟೈಲರ್ ಸ್ವಾಮಿ! ಕಾಲಿಂಚು ತಪ್ಪದ ಕೈ ಇದು. ಒಂದು ಚಮಚ ಅಳೆಯೋಕೆ ಬರಲ್ವಾ?”

ವೈದ್ಯನ ದೃಷ್ಟಿ ಅವಳ ಬೆನ್ನ ಹಿಂದೆ ಹೋಯಿತು. ಅಲ್ಲಿ ನಿಂತಿದ್ದ ತಂದೆ ಸದ್ದಿಲ್ಲದೆ ಕೈಮುಗಿದರು.



“ತಪ್ಪು ನನ್ನದೇ,” ಎಂದ ವೈದ್ಯ. “ದಿನಾ ಸಂಜೆ ನಾನೇ ಬಂದು ನೋಡ್ತೀನಿ.”

ಬಂದ. ಹತ್ತು ಸಂಜೆ, ತಪ್ಪದೆ. ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಕುಳಿತು, ಗುಂಡನ ಹೊಟ್ಟೆಯ ಮೇಲೆ ಅಂಗೈಯಿಟ್ಟು, “ಏನಪ್ಪಾ ಯಜಮಾನ, ಇವತ್ತು ಹೇಗೆ?” ಎಂದು ವಿಚಾರಿಸುತ್ತಿದ್ದ. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಳ್ಳನೋಟ ಬೀರುತ್ತಿದ್ದಳು.

‘ಇಷ್ಟು ಮೆತ್ತಗಿನ ಮನುಷ್ಯ ಅಷ್ಟು ಅಜಾಗರೂಕನಾಗಲು ಹೇಗೆ ಸಾಧ್ಯ?’

ಗುಂಡ ಅಮ್ಮ ಸಾಕಿದ ನಾಯಿ. ಅಮ್ಮ ಹೋದ ಮೇಲೆ ಮನೆಯಲ್ಲಿ ಉಳಿದ ಆಕೆಯ ಕೊನೆಯ ಅಕ್ಕರೆ. ಅದನ್ನು ಸಾವಿನಂಚಿಗೆ ತಳ್ಳಿದವನನ್ನು ಕ್ಷಮಿಸುವುದು ಹೇಗೆ?

ಹತ್ತನೆಯ ದಿನ ಎಲ್ಲವೂ ಸರಿಹೋಯಿತು. ವೈದ್ಯ ಹಿಗ್ಗಿದ; ಅವಳೂ ನಕ್ಕಳು. ಮರುಕ್ಷಣ ನಗೆಯನ್ನು ನುಂಗಿ, “ಇನ್ನು ನೀವು ಬರಬೇಕಾಗಿಲ್ಲ,” ಎಂದುಬಿಟ್ಟಳು.

ಅವನು ಬರಲಿಲ್ಲ.

ಮೂರು ಸಂಜೆ ಗುಂಡ ಗೇಟಿನ ಬಳಿ ಕಾದು ಕುಳಿತ. ಅವಳು ರವಿಕೆಯ ಒಂದೇ ತೋಳನ್ನು ಎರಡು ಸಲ ತಿರುವುಮುರುವಾಗಿ ಹೊಲಿದು ಬಿಚ್ಚಿದಳು.

ತಂದೆ ತಡೆಯಲಾರದೆ ಹತ್ತಿರ ಬಂದರು.

“ಮಗಳೇ... ನೀನು ಚಮಚ ಹಾಕ್ತಿದ್ದೆ. ನೀನು ಅಂಗಡಿಗೆ ಹೋದ ಮೇಲೆ ನಾನು ಸೌಟು ಹಾಕ್ತಿದ್ದೆ.”

“ಸೌಟಾ?!”

“ಒಂದು ಚಮಚಕ್ಕೇ ಅಷ್ಟು ಗುಣ ಇದ್ರೆ, ಸೌಟಿಗೆ ಎಷ್ಟಿರಬೇಡ ಅಂದ್ಕೊಂಡೆ ಕಣಮ್ಮಾ. ನಿಮ್ಮಮ್ಮನ ನಾಯಿ ನನ್ನ ಕೈಯಿಂದಲೇ ಹೀಗಾಯ್ತು ಅಂತ ನಿನಗೆ ಹೇಳೋ ಧೈರ್ಯ ಬರಲಿಲ್ಲ. ಪಾಪ, ಆ ಹುಡುಗ ಎಲ್ಲಾ ತನ್ನ ತಲೆ ಮೇಲೆ ಹಾಕ್ಕೊಂಡ.”

ಅವಳು ತಂದೆಯ ಕೈಯನ್ನು ಒಮ್ಮೆ ಒತ್ತಿ ಹಿಡಿದಳು. ಮರುಕ್ಷಣ, ಗುಂಡನೊಡನೆ ರಸ್ತೆಗಿಳಿದಿದ್ದಳು.

ಚಿಕಿತ್ಸಾಲಯದ ಬಾಗಿಲು ಮುಚ್ಚುತ್ತಿದ್ದ ವೈದ್ಯ, ಅವಳ ಕೊರಳಿನ ಟೇಪು ಕಂಡು ಕೇಳಿದ: “ನನ್ನ ಅಳತೆ ತಗೊಳ್ಳೋಕೆ ಬಂದ್ರಾ?”

“ಅವತ್ತು ಅಷ್ಟೊಂದು ಬೈದೆ... ಯಾಕೆ ಸುಮ್ಮನಿದ್ರಿ?”

“ನಿಮ್ಮಮ್ಮ ಇಲ್ಲ ಅಂತ ಅಪ್ಪ ಮೊದಲ ಸಲ ಬಂದಾಗಲೇ ಹೇಳಿದ್ರು. ನಿಮಗೆ ಉಳಿದಿರೋದು ಅವರೊಬ್ಬರೇ. ಅವರ ಮೇಲೆ ಕೋಪ ಬರೋದಕ್ಕಿಂತ ನನ್ನ ಮೇಲೆ ಬರಲಿ ಅನ್ನಿಸ್ತು.”

ಅವಳ ಕಣ್ಣು ತುಂಬಿತು. “ಕೋಪ ಹೋಯ್ತು. ಈಗ ಬೇರೇನೋ ಬಂದಿದೆ... ನಾಳೆ ಸಂಜೆ ಮನೆಗೆ ಬರ್ತೀರಾ?”

“ಗುಂಡನ್ನ ನೋಡೋಕಾ?”

“ಅವನು ಚೆನ್ನಾಗಿದಾನೆ,” ಎಂದಳು ತಲೆ ತಗ್ಗಿಸಿ. “ನಾನೇ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.”