ಸಾಸಿವೆಯಷ್ಟು ಫೋರ್ಕ್

ಕುದಿಯುವ ದನದ ಕೊಬ್ಬಿಗೂ ನನ್ನ ಮೂಗಿಗೂ ನಡುವೆ ಒಂದೇ ಗೇಣು!

ಕೊರಳಪಟ್ಟಿ ಹಿಡಿದು ಬಗ್ಗಿಸಿದ್ದವನು ವಾನೆಸ್. ನಮ್ಮ ಕಡಲೂರು ಆಸ್ಟೆಂಡಿನಲ್ಲಿ ಆಲೂ ಕರಿಯುವವರಲ್ಲೆಲ್ಲ ದೊಡ್ಡ ತೋಳಿನವನು. ಪಕ್ಕದಲ್ಲಿ ಅವನ ಧಣಿ ಡಾಬೆಲಾರ್. ಕರಾವಳಿ ತುಂಬ ಅಂಗಡಿ... ಬಾಯಿ ತುಂಬ ಸುಳ್ಳು.

"ಆ ಮುದುಕಿ ದೂರು ವಾಪಸ್ ತಗೋತಾಳೋ, ಇಲ್ಲ ನೀನು ಬಾಣಲೆಗೆ ಬೀಳ್ತೀಯೋ?" ಡಾಬೆಲಾರ್ ಗುಡುಗಿದ.

"ನಮ್ಮೂರ ಆಲೂ ಥರ ಎರಡು ಸಲ ಕರೀಬೇಕು ಸ್ವಾಮಿ. ಒಂದೇ ಸಲಕ್ಕೆ ಗರಿಗರಿ ಆಗೋಳಲ್ಲ ನಾನು!"

ವಿಷಯ ಇಷ್ಟೇ, ಕೇಳಿ.

ನಾನು ಲೀಸ್ಬೆಟ್. ಅಂಗಡಿಗಳಿಗೆ ವೆಬ್‌ಸೈಟ್ ಕಟ್ಟಿಕೊಟ್ಟು, ಅಲ್ಲಿ ಅವುಗಳ ಮುಖ ಕಾಯುವವಳು. ಗೋಡೆಲೀವ್ ಅಜ್ಜಿಗೆ ಇರುವುದು ಬಂದರಿನ ಬಳಿ ಆಲೂ ಕರಿಯುವ ಒಂದೇ ಗೂಡಂಗಡಿ. ಆಫೀಸಿನವರು ಕಂಪ್ಯೂಟರಿನಲ್ಲೇ ಊಟ ಆರ್ಡರ್ ಮಾಡುತ್ತಾರೆ. ಹತ್ತು ಟ್ಯಾಬ್ ತೆರೆದರೆ ಹೆಸರೆಲ್ಲ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಉಳಿಯುವುದು ಮೂಲೆಯ ಸಾಸಿವೆಯಷ್ಟು ಚಿತ್ರ... ಐಕಾನ್! ಅಜ್ಜಿಗೆ ನಾನೇ ಬರೆದುಕೊಟ್ಟಿದ್ದೆ: ಎರಡು ಹಲ್ಲಿನ ಕೆಂಪು ಫೋರ್ಕ್. ಕಣ್ಣು ಓದುವ ಮೊದಲೇ ಬೆರಳು ಒತ್ತುತ್ತಿತ್ತು.

ಡಾಬೆಲಾರ್ ಅದನ್ನೇ ಕದ್ದ. ಅಜ್ಜಿಯ ಗಿರಾಕಿಗಳೆಲ್ಲ ಅವನ ಫೋರ್ಕ್ ಒತ್ತಿದರು. ಅಜ್ಜಿ ದೂರು ಕೊಟ್ಟಳು. ಹೀಗೇ ನಡೆದರೆ ಚಳಿಗಾಲದೊಳಗೆ ಗೂಡಂಗಡಿಗೆ ಬೀಗ!

ಕಳ್ಳ ಸರಿ, ಸೋಮಾರಿ ಕಳ್ಳ! ಚಿತ್ರವನ್ನು ನಕಲು ಕೂಡ ಮಾಡಿಕೊಂಡಿರಲಿಲ್ಲ. ಅವನ ವೆಬ್‌ಸೈಟ್ ಅಜ್ಜಿಯ ವೆಬ್‌ಸೈಟಿನಿಂದಲೇ ಅದನ್ನು ಎಳೆಯುತ್ತಿತ್ತು... ನೆರೆಮನೆಯ ನಲ್ಲಿಗೆ ಪೈಪು ಚುಚ್ಚಿದ ಹಾಗೆ.

ನಲ್ಲಿಯಲ್ಲಿ ಏನು ಬಿಡಬೇಕು? ಅದು ಅಜ್ಜಿಯ ಕೈಯಲ್ಲಿ!

ಏನು ಬಿಡಬೇಕೆಂದು ತಿಳಿಯಲು ಅವನ ಹಿತ್ತಲಿಗೆ ನುಗ್ಗಿದೆ. ನೋಡಬೇಕಾದ್ದನ್ನು ನೋಡಿದೆ. ಓಡಿದೆ. ಓಡುತ್ತಲೇ ಹೊಸ ಚಿತ್ರವೊಂದನ್ನು ಅಜ್ಜಿಗೆ ಕಳಿಸಿದೆ. ಟ್ರಾಮ್ ತಪ್ಪಿತು. ವಾನೆಸ್ ತಪ್ಪಲಿಲ್ಲ.

"ದೂರಿನ ವಿಷಯ ಅಜ್ಜಿಗೆ ಒಂದು ಫೋನ್ ಮಾಡ್ತೀನಿ," ಎಂದೆ.

ಡಾಬೆಲಾರ್ ಫೋನ್ ಕೊಟ್ಟ.

"ಅಜ್ಜೀ, ನಲ್ಲಿ ತಿರುಗಿಸು!"

"ಇನ್ನೂ ಬದುಕಿದ್ದೀಯೇನೇ?"

"ಒಂದು ಗೇಣು ಬಾಕಿ!"

ನಾನು ಡಾಬೆಲಾರ್ ಕಡೆ ಕಣ್ಣು ಹೊಡೆದೆ. "ನಿಮ್ಮ ವೆಬ್‌ಸೈಟ್ ತೆಗೆದು ನೋಡಿ ಸ್ವಾಮಿ."

ಕೌಂಟರಿನ ಹೊಸ ಕಂಪ್ಯೂಟರಿನಲ್ಲಿ ತೆಗೆದ. ಫೋರ್ಕ್ ಇಲ್ಲ. ಅದರ ಜಾಗದಲ್ಲಿ ನೀಲಿ ಹಿಮದ ಹರಳು!

ಅವನ ತಲೆಯ ಮೇಲಿನ ಬೋರ್ಡು: 'ದಿನವೂ ಕೈಯಲ್ಲೇ ಹೆಚ್ಚಿದ ತಾಜಾ ಆಲೂ'. ಹಿತ್ತಲಲ್ಲಿ ನಾನು ಕಂಡದ್ದು ಫ್ರೀಜರ್ ತುಂಬ ಹೆಪ್ಪುಗಟ್ಟಿದ ಆಲೂ ಚೀಲಗಳು, ಒಂದೊಂದರ ಮೇಲೂ ಇದೇ ನೀಲಿ ಹರಳು. ನಮ್ಮೂರಲ್ಲಿ ಓಡಿಹೋದ ಗಂಡನನ್ನು ಕ್ಷಮಿಸುತ್ತಾರೆ. ಫ್ರೀಜರ್ ಆಲೂ ಕರಿದವನನ್ನು ಕ್ಷಮಿಸುವುದಿಲ್ಲ.

"ಜಿರಳೆ ಹಾಕು! ಇಲಿ ಹಾಕು! ಇದೊಂದು ಬೇಡ ತಾಯೀ!" ಡಾಬೆಲಾರ್ ನನಗೆ ಕೈಮುಗಿದ.

ವಾನೆಸ್ ನನ್ನನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದ.

"ಅದರಲ್ಲಿ ಸುಳ್ಳೇನಿದೆ ಧಣಿ? ಆ ಚೀಲ ಬಿಚ್ಚಿ ಬಿಚ್ಚಿ ನನ್ನ ಬೆರಳು ಮರಗಟ್ಟಿದೆ. ಗ್ಲೌಸ್ ಕೇಳಿದ್ರೆ 'ಬಾಣಲೆ ಇದೆ, ಕಾಯಿಸ್ಕೋ' ಅಂದವರು ನೀವೇ ಅಲ್ವಾ?"

ಏಪ್ರನ್ ಬಿಚ್ಚಿ ಧಣಿಯ ಹೆಗಲಿಗೆ ಹಾಕಿದ. ಈಗ ಅವನು ಅಜ್ಜಿಯ ಗೂಡಂಗಡಿಯಲ್ಲಿ ಕರಿಯುತ್ತಾನೆ. ಕ್ಯೂ ಮೀನುಕಟ್ಟೆಯವರೆಗೆ!

ಡಾಬೆಲಾರ್ ಅಂದೇ ಹಿಮ ಕೀಳಿಸಿ, ಹೊಸ ಐಕಾನ್ ಹಾಕಿಸಿದ. ಆದರೆ ಗಿರಾಕಿಗಳ ಕಂಪ್ಯೂಟರಿನಲ್ಲಿರುವ ಬ್ರೌಸರ್ ಅನ್ನುವುದು ನಾದಿನಿಯ ಹಾಗೆ. ಒಮ್ಮೆ ಕಂಡದ್ದನ್ನು ಬೇಗ ಮರೆಯುವುದಿಲ್ಲ.

ಕಡಲತೀರಕ್ಕೆ ಬೇಸಿಗೆ ಬಂದಿದೆ... ಅವನ ಅಂಗಡಿಯ ಮೇಲೆ ಮಾತ್ರ ಇನ್ನೂ ಹಿಮ ಬೀಳುತ್ತಿದೆ.